ಏಳನೇ ಸೀಸೆ

ಮನಾಮ, ದೋಹಾ, ಕುವೈತ್...
ಊರೂರ ಕೊಳಚೆ ನೀರು ಐಸಿನ ಡಬ್ಬಿಯಲ್ಲಿ
ಸೋಮವಾರ ಬಂದಿಳಿಯುತ್ತದೆ.
ಚೀಟಿ ಅಂಟಿಸುವುದು ನನ್ನ ಕೆಲಸ.
ನಂಬರು ಸಾಕು, ಹೆಸರು ಬೇಡ.
ಯಾರ ನೋವಿನ ಗುಳಿಗೆ, ಯಾರು ಕೊಂಡ ನಿದ್ದೆ,
ಯಾರ ಹದಿನಾರು ತಾಸಿನ ಎಚ್ಚರ,
ಯಂತ್ರ ಕೇಳುವುದಿಲ್ಲ. ಗೆರೆ ಎಳೆಯುತ್ತದೆ.

ಸಂಬಳದ ಮರುದಿನ ಗೆರೆ ಏರಿತು.
ಸಾಹೇಬರು ‘ಟ್ರೆಂಡ್’ ಅಂದರು,
ಸುಲೈಮಾನಿ ಹೀರಿದರು.

ಏಳನೇ ಸೀಸೆ ನಮ್ಮ ಕ್ಯಾಂಪಿನದು.
ಮೇಲಿನ ಮಂಚದ ಇದಿನಬ್ಬ, ಕ್ರೇನಿನವನು,
ಈಚೆಗೆ ರಾತ್ರಿಯೆಲ್ಲ ಹೊದಿಕೆ ಮಡಚುತ್ತಾನೆ,
ಬಿಚ್ಚುತ್ತಾನೆ, ಮತ್ತೆ ಮಡಚುತ್ತಾನೆ.
‘ಎಂಥ ಮಾರಾಯ?’ ಅಂದರೆ
‘ಎಂಥ ಇಲ್ಲ, ಸೆಕೆ.’
ಎಸಿ ಹದಿನೆಂಟರಲ್ಲಿದೆ.

ಸೀಸೆಗೆ ಚೀಟಿ ಸರಿಯಾಗಿಯೇ ಅಂಟಿಸಿದೆ.
ರಾತ್ರಿ ಎರಡಕ್ಕೆ ಎದ್ದು
ಹೊದಿಕೆಯ ಇನ್ನೊಂದು ತುದಿ ಹಿಡಿದೆ.
ಅವನು ಏನೂ ಕೇಳಲಿಲ್ಲ.