ಒಂಟಿ ಸೀನು

ಬ್ಯಾಡಗಿಯಲ್ಲಿ ಮೊದಲು ಸೀನು, ಆಮೇಲೆ ಪಾಠ.
ಕೆಳಗೆ ಮೆಣಸಿನಕಾಯಿ ಗೋದಾಮು, ಮಾಳಿಗೆಯಲ್ಲಿ ನಾವು:
ಶಾಲೆ ಬಿಟ್ಟು ಬಂದ ಹನ್ನೊಂದು ಮಕ್ಕಳು, ನಾಲ್ಕು ಹಳೇ ಲ್ಯಾಪ್‌ಟಾಪು,
ಕೀಲಿಗಳ ಸಂದಿಯಲ್ಲಿ ಕೆಂಪು ಧೂಳು.
ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ ಕೊಳ್ಳುವವರು.
ಮೂಗನ್ನು ಕೇಳಬೇಕು.

ಎಂಟರ್ ಒತ್ತುವ ಹೊತ್ತಿಗೇ ಸರಿಯಾಗಿ ಗುಡ್ಡಪ್ಪ ಸೀನುತ್ತಾನೆ.
'ಒಂಟಿ ಸೀನು ಬ್ಯಾಡಲೇ, ಇನ್ನೊಂದ್ ಸೀನು!'
ಎರಡನೆಯದು ಬರುವ ತನಕ
ಯಾರೂ ಮುಂದಿನ ಸಾಲು ಬರೆಯುವುದಿಲ್ಲ.

ಇವತ್ತು ಲೂಪು. ಹೇಗೆ ಹೇಳಲಿ ಎಂದು
ಚಾಕ್ ಹಿಡಿದು ನಿಂತಿದ್ದೆ. ಆಸ್ಮಾ ಎದ್ದಳು:
'ಗೊತ್ತೈತ್ರಿ ಸರ. ನಮ್ಮವ್ವ ಕೆಳಗ ಅದನ್ನ ಮಾಡ್ತಾಳ್ರಿ.
ಹಿಡಿ, ತೊಟ್ಟು ಮುರಿ, ಒಗಿ.
ಹಿಡಿ, ತೊಟ್ಟು ಮುರಿ, ಒಗಿ.'

ನಿಲ್ಲುವುದು ಯಾವಾಗ? ಅದನ್ನೂ ಬರಿ, ಅಂದೆ,
ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ.

ಬರೆದಳು: ಚೀಲ ಖಾಲಿಯಾದರೆ.
ಅಳಿಸಿದಳು. ಇನ್ನೊಂದು ಚೀಲ ಬರತೈತಿ.
ಬರೆದಳು: ಕೈ ಉರಿದರೆ.
ಅದನ್ನೂ ಅಳಿಸಿದಳು, ನಗುತ್ತ,
'ಹಂಗಾದ್ರ ಮೊದಲನೇ ಸುತ್ತಿಗೇ ನಿಂತಬಿಡತೈತ್ರಿ.'

ಕರ್ಸರು ಮಿಣುಕುತ್ತಿತ್ತು.
ಗುಡ್ಡಪ್ಪ ಸೀನಿದ. ಒಂದೇ.
ಕೆಳಗಿಂದ ಕೂಗು: 'ಆಸ್ಮಾ, ಹೊತ್ತಾತ ಬಾ!'
ಅವಸರದಲ್ಲಿ ಎರಡೇ ಬೆರಳಲ್ಲಿ ಒತ್ತಿದಳು:
ಮಗಳು ಇಳಿದು ಬಂದರೆ, ನಿಲ್ಲು.

ಚಪ್ಪಲಿ ಸಿಕ್ಕಿಸಿಕೊಂಡು ಓಡಿಯೇಬಿಟ್ಟಳು, ಸೇವ್ ಮಾಡದೆ.
ಆ ಕೀಲಿ ನಾನೊತ್ತಿದೆ,
ಮರೆತು, ಅದೇ ಬೆರಳಲ್ಲಿ ಕಣ್ಣುಜ್ಜಿಕೊಂಡೆ.

ಆಗ ಬಂತು ಗುಡ್ಡಪ್ಪನ ಎರಡನೇ ಸೀನು.