ಬಾಡಿಗಿ ಎದುರಾಳಿ

ಸಾಲದ ಫಾರ್ಮಿನ್ಯಾಗ "ಉದ್ಯೋಗ" ಅಂತ ಒಂದು ಖಾಲಿ ಗೆರಿ.
ನಾ ಬರದೆ: ಟೇಬಲ್ ಟೆನಿಸ್.
ಕೌಂಟರಿನಾಕಿ ಚಸ್ಮಾದ ಮ್ಯಾಲಿಂದ ನೋಡಿ
"ಅದು ಖರೇರಿ, ಹೊಟ್ಟಿಗೇನ ಮಾಡ್ತೀರಿ?" ಅಂದ್ಲು.

ಹೊಟ್ಟಿಗಿ, ಅಕ್ಕಾರ, ಹಿಂಗ ಮಾಡ್ತೀನಿ:

ಮುಂಜಾನೆ ಐದೂವರಿಗಿ ಟಿಳಕವಾಡಿ ಹಾಲಿನ ಕೀಲಿ ತಗೀತೀನಿ.
ಟ್ಯೂಬಲೈಟು ಮೂರು ಸಲ ಕಣ್ಣು ಹೊಡದು ಹತ್ತತಾವ.
ಹನ್ನೊಂದು ಹುಡುಗ್ರು, ತಿಂಗಳಿಗಿ ತಲಿಗಿ ಎಂಟ್ನೂರು,
ಅದರಾಗ ಇಬ್ಬರದು ಬರೂದಿಲ್ಲ, ನಾ ಕೇಳೂದೂ ಇಲ್ಲ.
ಒಬ್ಬನ ಅವ್ವ ಖಡೇಬಜಾರದಾಗ ಬಳಿ ಇಡಸ್ತಾಳ,
ಫೀ ಬದಲಿ ಹಬ್ಬಕ್ಕ ನನ್ನ ಕೈ ಹಿಡದು ಕೂಡಸ್ತಾಳ.
ಎಡಗೈಗಿ ಸಾಕವ್ವಾ, ಅಂತೀನಿ,
ಬಲಗೈ ದುಡಿಯೂ ಕೈ.

ಹತ್ತು ಹೊಡದ ಮ್ಯಾಲ ರಬ್ಬರ್ ಹಚ್ಚೂ ಕೆಲಸ.
ಗಾಯದ ಪಟ್ಟಿ ಬಿಚ್ಚಿದಂಗ ಹಳೇದು ಬಿಚ್ಚಿ,
ಅಂಟು ಸವರಿ, ಅದು ಒಣಗೂತನಕ ಚಹಾ ಕುಡದು,
ಬಾಟಲಿ ಉಳ್ಳಿಸಿ ಒತ್ತಿ, ಅಂಚು ಕತ್ತರಸೂದು.
ಬ್ಯಾಟಿಗಿ ನೂರೈವತ್ತು.
ನನ್ನ ಬ್ಯಾಟಿನ ರಬ್ಬರು ಹೋದ ದೀಪಾವಳಿದು.

ಸಂಜಿಗಿ ಉದ್ಯಮಬಾಗದ ಫೌಂಡ್ರಿ ಸಾಹೇಬ್ರು.
ಶುಗರ್ ಬಂದೈತಿ, ಆಡ್ರಿ ಅಂದಾರ ಡಾಕ್ಟರು.
ತಾಸಿಗಿ ನಾನೂರು.
ಎರಡು ವಾರ ಸೋತು ಸೋತು
ಅವರ ಮುಖ ಎರಕದ ಮಣ್ಣಿನ ಬಣ್ಣಕ್ಕ ತಿರಗಿತು.
ಅವತ್ತ ತಿಳೀತು, ನಾನೂರರಾಗ ಸೋಲೂದೂ ಬರ್ತೈತಿ.
ಗೆಲ್ಲಾಕ ಕಲ್ತಿದ್ದು ನಾಕು ವರ್ಷದಾಗ,
ಚಂದಂಗ ಸೋಲಾಕ ಇನ್ನೂ ಕಲೀಲಿಕತ್ತೀನಿ:
ನೆಟ್ಟಿಗಿ ಹೊಡದರ ಗೊತ್ತಾಗ್ತೈತಿ,
ಚೆಂಡು ಟೇಬಲ್ಲಿನಾಚಿ ಅರ್ಧ ಬೆರಳು ದಾಟಬೇಕು,
"ಅಯ್ಯ" ಅನ್ನೂದು ಅದಕ್ಕಿಂತ ಮೊದಲ ಬಾಯಿಂದ ಬರಬಾರದು.
ಹನ್ನೊಂದು–ಒಂಬತ್ತು.
ಆ ರಾತ್ರಿ ಸಾಹೇಬ್ರು ಎಲ್ಲಾರಿಗೂ ಕುಂದಾ ತರಸಿದ್ರು,
ತಾವು ತಿನ್ನೂಹಂಗಿಲ್ಲ, ನೋಡಿ ನಕ್ಕೋತ ನಿಂತ್ರು.

ಹತ್ತೊಂಬತ್ತಕ್ಕ ರೈಲ್ವೇ ಟ್ರಯಲ್ಸಿಗಿ ಹೋಗಿದ್ದೆ.
ಐದನೇ ಗೇಮು, ನಾ ಒಂಬತ್ತು, ಆಕಿ ಹನ್ನೊಂದು.
ಅಲ್ಲಿ ಯಾರಿಗೂ ನಾ ಬೇಕಂತ ಸೋತಿರಲಿಲ್ಲ.
ಆಕಿ ಈಗ ಹುಬ್ಬಳ್ಳಿ ಖಿಡಕಿಯೊಳಗ ಟಿಕೀಟ ಕೊಡ್ತಾಳ, ಆಡೂದಿಲ್ಲ.
ನಾ ಆಡ್ತೀನಿ, ಆಕಿ ಕಡೆ ಟಿಕೀಟ ತಗೋತೀನಿ.
ಚಿಲ್ಲರ ಕೊಡೂ ಮುಂದ ಒಮ್ಮೊಮ್ಮೆ
ಆಕಿ ಮಣಿಕಟ್ಟು ಸುಮ್ಮನ ತಿರಗತೈತಿ.

ಜೈನಬ್ ಸನದಿ ರಾಜ್ಯಮಟ್ಟಕ್ಕ ಹೊಂಟಾಗ
ಅವರಪ್ಪ ಬಂದು ಕೇಳಿದ್ರು:
"ಮೈಸೂರಿನ ಎಡಚಿ ಹುಡುಗಿ ಎದುರು ಬೀಳ್ತಾಳರಿ,
ಒಂದು ತಿಂಗಳು ನೀವು ಆಕಿ ಆಗ್ತೀರೇನು?"
ಆದೆ. ಆರು ಸಾವಿರಕ್ಕ ಆದೆ.
ಮೊಬೈಲಿನ್ಯಾಗ ಆಕೀನ್ನ ನೋಡಿ ನೋಡಿ
ಎಡಗೈಲೆ ಹೊಡದು ಹೊಡದು ಭುಜ ಹಿಡೀತು, ಬಳಿ ಒಡದ್ವು.
ಸರ್ವಿಸಿನ ಮೊದಲ ಆಕಿ ತೊಡಿಗಿ ಅಂಗೈ ಒರಸ್ತಾಳ,
ಅದನ್ನೂ ಬಿಡಲಿಲ್ಲ.
ಜೈನಬ್ ಗೆದ್ದ ಸಂಜಿ ಫೋನ್ ಮಾಡಿದ್ಲು:
"ಮೇಡಂ, ಆಕಿ ನಿಮ್ಮಷ್ಟು ಆಕಿಯಂಗ ಆಡಲಿಲ್ಲರಿ."

ಕೌಂಟರಿನಾಕಿಗಿ ಇಷ್ಟು ಯಾರು ಹೇಳಬೇಕು?
ಹಿಂದ ಪಾಳೆ ಇತ್ತು.
ಹುಡುಗ್ರಿಗಿ ಕಲಸ್ತೀನ್ರಿ ಅಂದೆ. ಆಕಿ "ಇತರೆ" ಮುಂದ ಗುರುತು ಹಾಕಿ
ಸೀಲ್ ಹೊಡದ್ಲು.

ರಾತ್ರಿ ಎಲ್ಲಾರೂ ಹೋದ ಮ್ಯಾಲ
ಟೇಬಲ್ಲಿನ ಅರ್ಧ ಮಡಚಿ ಗ್ವಾಡಿ ಹಂಗ ನಿಲ್ಲಸ್ತೀನಿ.
ಇವತ್ತರ ನಂದ ಸರ್ವಿಸು ಹಾಕೂಣು ಅಂತ.
ಹದಿನೇಳರಾಗ ಇತ್ತದು, ಹಾವು ಹೊಳ್ಳಿದಂಗ ಹೊಳ್ಳೂದು,
ಧಾರವಾಡದಾಗ ಅಂಪೈರು ಬಗ್ಗಿ ನೋಡಿದ್ರು.
ಚೆಂಡು ಅಂಗೈಯಾಗ ಇಟಗೊಂಡು, ಉಸಿರು ಹಿಡದು,
ನೆನಪು ಮಾಡ್ಕೋತ ನಿಂತೆ.

ಕೈ ತನ್ನಷ್ಟಕ್ಕ ಹೋಗಿ
ತೊಡಿ ಒರಸಿತು.