ಬರೆಸದೆ ಬಿಟ್ಟ ಎರಡು ಸೋಪು

ಸೊಹಾರಿನ ಹಳೆ ಕೈಗಾರಿಕೆ ರಸ್ತೆಯಲ್ಲಿ
ಟೈರಿನಂಗಡಿಗೂ ಕ್ಷೌರದಂಗಡಿಗೂ ನಡುವೆ
ಮಯ್ಯದ್ದಿ ಕಾಕನ ಬಕಾಲ.
ಗಲ್ಲೆಯ ಪಕ್ಕ ಮೂರು ಸಾಲದ ಪುಸ್ತಕ:
ಹಸಿರು ರಟ್ಟಿನದು ತಿಂಗಳಿಗೆ ತೀರಿಸುವವರದು,
ಕೆಂಪಿನದು ಸಂಬಳವಾದಾಗ ತೀರಿಸುವವರದು,
ಮೂರನೆಯದಕ್ಕೆ ರಟ್ಟೇ ಇಲ್ಲ.

ನಾನು ಲೆಕ್ಕದವನು.
ಸಂಜೆ ಅಲ್ಲೊಂದು ಸುಲೇಮಾನಿ ಕುಡಿಯುತ್ತ
ಈ ಕಾಲದಲ್ಲಿ ಮಾನ ಎಲ್ಲುಂಟು ಕಾಕ,
ಅವರವರ ಹೊಟ್ಟೆ ಅವರವರಿಗೆ, ಎಂದು
ಲೋಕವನ್ನು ನೂರು ಸಲ ವಜಾ ಮಾಡಿದವನು.
ಕಾಕ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ,
ಮೊಟ್ಟೆ ಎಣಿಸುತ್ತಾನೆ.
ಒಮ್ಮೆ ಮಾತ್ರ, ಅಕ್ಕಿ ಮೂಟೆಗೆ ಕೈ ಹಾಕಿ, ಅಂದ:
ನನ್ನಜ್ಜನ ಅಂಗಡಿಯಲ್ಲಿತ್ತು ಒಂದು ಮಾನ,
ಹಿತ್ತಾಳೆಯದು. ಅರ್ಧ ಸೇರು ಹಿಡಿಯುತ್ತಿತ್ತು.
ತಳ ನೆಗ್ಗಿದ ಮೇಲೆ ಸ್ವಲ್ಪ ಕಮ್ಮಿ.

ಹೇಳಬೇಕಾದ್ದು ಅದಲ್ಲ.
ಕಂಪನಿ ಮುಳುಗಿದ ವರ್ಷ ಏಳು ತಿಂಗಳು ಸಂಬಳವಿಲ್ಲ.
ಕೊನೆಗೆ ವಿಮಾನದ ಟಿಕೆಟ್ಟು, ಜತೆಗೊಂದು ಕಾಗದ:
ನನಗೆ ಬರಬೇಕಾದ್ದೆಲ್ಲ ಬಂದಿದೆ.
ಒಪ್ಪಿದವನಿಗೆ ಪಾಸ್‌ಪೋರ್ಟು ವಾಪಸು.
ಕಾಗದ ಬರೆದವನು ನಾನು,
ಅರಬಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.
ಕನ್ನಡದಲ್ಲಿ ಬರೆಯಲಿಲ್ಲ. ಬರೆದಿದ್ದರೆ
ನನಗೇ ಅರ್ಥವಾಗಿಬಿಡುತ್ತಿತ್ತು.

ನೂರ ಹದಿನಾರು ಹೆಬ್ಬೆಟ್ಟು, ಒಂದೇ ಶಾಯಿಯ ಡಬ್ಬಿ.
ಸುರಪುರದ ಕಡೆಯ ದೇವಿಂದ್ರಪ್ಪ, ಸಾರವೆ ಕಟ್ಟುವವ,
ನೀಲಿಯಾದ ಬೆರಳನ್ನು ಗಾಳಿಯಲ್ಲೇ ಹಿಡಿದು ಕೇಳಿದ:
ಓದಾಕ ಬರಲ್ರಿ ನನಗ. ನೀವ ಹೇಳ್ರಿ,
ಒತ್ತಲೇನ್ರಿ?
ಒತ್ತು ಎಂದೆ.
ನನ್ನ ಏಳು ತಿಂಗಳದ್ದು ಮರುದಿನವೇ ಬಂತು,
ಪೂರ್ತಿ.

ಅವನು ಹೋದ ಮೇಲೆ ರಟ್ಟಿಲ್ಲದ ಪುಸ್ತಕದಲ್ಲಿ
ಅವನ ಹೆಸರಿನೆದುರು ನಲವತ್ತೊಂದು ರಿಯಾಲು, ಆರುನೂರು ಬೈಸ.
ಕಾಕ ಸ್ಕೇಲಿಟ್ಟು ಅಡ್ಡಗೆರೆ ಎಳೆದ.
ನಾನು ಗೆದ್ದವನಂತೆ ನಕ್ಕೆ, ನೋಡಿದೆಯಾ ಎಂದೆ.
ಆ ರಾತ್ರಿ, ಎಷ್ಟೋ ದಿನಗಳ ಮೇಲೆ,
ನಿದ್ದೆ ಚೆನ್ನಾಗಿ ಬಂತು.

ಎರಡು ಬೇಸಿಗೆ ಕಳೆದವು. ಈ ಶುಕ್ರವಾರ
ಹೊಸ ವೀಸಾದ ಹುಡುಗನೊಬ್ಬ ಬಂದು
ಅಂಗಿಯೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದ.
ಭಾರತದ ನೋಟುಗಳು, ರಬ್ಬರ್ ಹಾಕಿದ್ದು,
ಶಾಲೆ ಪುಸ್ತಕದಿಂದ ಹರಿದ ಒಂದು ಹಾಳೆ,
ಅವನ ಮಗಳ ಅಕ್ಷರ.
ಪೆನ್ಸಿಲ್ಲಿನದು ನನಗೆ ಕಾಣುವುದಿಲ್ಲ, ನೀವೇ ಓದಿ
ಎಂದು ಕಾಕ ನನ್ನತ್ತ ನೂಕಿದ.

ಓದಿದೆ:
ಅಣ್ಣಾರ, ನಲವತ್ತೊಂದು ರಿಯಾಲು, ಮ್ಯಾಲ ಆರುನೂರು.
ತಡ ಆತು. ಎಮ್ಮಿ ಮಾರಿ ಕಳಸೀನಿ.
ಮತ್ತ ಎರಡು ಸೋಪು.
ನೀವು ನಮಾಜಿಗೆ ಹೋದಾಗ ತೊಗೊಂಡಿದ್ದೆ, ಬರೆಸಿದ್ದಿಲ್ಲ.
ಅವುಗಳ ರೊಕ್ಕಾನೂ ಇದರಾಗ ಐತಿ.

ಕಾಕನ ಕಣ್ಣೇನೂ ತುಂಬಲಿಲ್ಲ.
ನೋಟನ್ನು ಎರಡು ಸಲ ಎಣಿಸಿದ, ಅಂಚು ಹರಿದದ್ದೊಂದಕ್ಕೆ
ಹುಡುಗನ ಮೇಲೆ ರೇಗಿದ.
ಆಮೇಲೆ ರಟ್ಟಿಲ್ಲದ ಪುಸ್ತಕ ತೆಗೆದು
ಆ ಪುಟದಲ್ಲಿ ಬೆರಳಿಟ್ಟುಕೊಂಡು ಕುಳಿತ.
ನಲವತ್ತೊಂದಕ್ಕೆ ಜಾಗ ಇದೆ, ಅಂದ.
ಈ ಸೋಪು ಹೋದದ್ದೇ ನನಗೆ ಗೊತ್ತಿಲ್ಲ.
ಬರೆಯದ ಸಾಲ ತೀರಿದ್ದನ್ನು
ಎಲ್ಲಿ ಬರೆಯುವುದು, ಲೆಕ್ಕದವರೇ?

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ
ಬಹಳ ಹೊತ್ತು ಕೂಗಿತು.
ಏಳು ತಿಂಗಳು, ತಿಂಗಳಿಗೆ ತೊಂಬತ್ತೈದರಂತೆ
ಆರುನೂರ ಅರವತ್ತೈದು: ಬೇಡವೆಂದರೂ ತಲೆ
ಗುಣಿಸಿ ಮುಗಿಸಿತ್ತು.

ಹಾಳೆಯ ಬುಡದಲ್ಲಿ ಇನ್ನೊಂದು ಸಾಲಿತ್ತು:
ಅಕೌಂಟಿನ ಸಾಹೇಬ್ರಿಗೆ ಶರಣು ಹೇಳ್ರಿ,
ನಮ್ಮ ಮಾತಿನ್ಯಾಗ ಮಾತಾಡಿಸಿದವರು ಅವರೊಬ್ರ.

ಅಷ್ಟೇಯಾ? ಎಂದ ಕಾಕ.
ಅಷ್ಟೇ ಎಂದೆ.
ಹಾಳೆಯನ್ನು ಮಡಚಿ ಕೊಟ್ಟೆ,
ಚಹಾದ ನೂರು ಬೈಸ, ಐವತ್ತರ ಎರಡು ನಾಣ್ಯ,
ಗಾಜಿನ ಮೇಲಿಟ್ಟೆ.
ಕಾಕ ಎಣಿಸಿಕೊಂಡ.